ಕೊನೆ ಗೊತ್ತಿದ್ದ ಕಥೆಯ ಭಯ: ‘ಕಾಂತಾರ’ದ ಪೂರ್ವಕಥೆ ಮತ್ತು ಘಟ್ಟದ ಮೇಲಿನ ಪ್ರೇಕ್ಷಕ

2023ರ ಫೆಬ್ರವರಿಯಲ್ಲಿ ‘ಕಾಂತಾರ’ ಚಿತ್ರದ ನೂರನೆಯ ದಿನದ ಸಮಾರಂಭ ನಡೆಯಿತು. ಜನ ನೋಡಿ ಮೆಚ್ಚಿದ್ದು ಎರಡನೆಯ ಭಾಗ, ಮೊದಲನೆಯದು ಇನ್ನು ಬರಬೇಕು ಎಂದು ನಿರ್ದೇಶಕ ರಿಷಬ್ ಶೆಟ್ಟಿ ಅಲ್ಲಿ ಹೇಳಿದರು. 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾಗಿ, ಅಷ್ಟರಲ್ಲಾಗಲೇ ದೇಶವೆಲ್ಲ ಸುತ್ತಿ ಬಂದಿದ್ದ ಚಿತ್ರವೊಂದು ಆ ಒಂದು ಮಾತಿಗೆ ಉತ್ತರಭಾಗವಾಗಿ ಮಾರ್ಪಟ್ಟಿತು. ಪೂರ್ವಭಾಗ ‘ಕಾಂತಾರ: ಎ ಲೆಜೆಂಡ್ – ಚಾಪ್ಟರ್ 1’ 2025ರ ಅಕ್ಟೋಬರ್ 2ರಂದು ತೆರೆಗೆ ಬಂತು. ಪೂರ್ವಕಥಾ ಚಿತ್ರದ ಪ್ರೇಕ್ಷಕನಿಗೆ ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಹಾಗಿದ್ದೂ ಅವನು ಯಾವುದಕ್ಕೆ ಬೆಚ್ಚುತ್ತಾನೆ? ಈ ಲೇಖನ ಆ ಪ್ರಶ್ನೆಯನ್ನು ಘಟ್ಟದ ಮೇಲಿನ ಚಿಕ್ಕಮಗಳೂರು ಜಿಲ್ಲೆಯ, ತರೀಕೆರೆ ಸೀಮೆಯ ಹೆಬ್ಬೆಯ ಕಡೆಯಿಂದ ಕೇಳುತ್ತದೆ. ತುಳುನಾಡಿನ ದೈವ ಹೆಬ್ಬೆಗೆ ತನ್ನದಲ್ಲ. ಹಾಗೆಂದು ಪೂರ್ತಿ ಪರಕೀಯವೂ ಅಲ್ಲ. ಕರಾವಳಿಯ ಭಕ್ತನಿಗೂ ದೂರದ ನಗರದ ಟಿಕೆಟ್ ಕೊಳ್ಳುವವನಿಗೂ ನಡುವೆ ನಿಂತ ಈ ನೋಡುಗನನ್ನು ಕರ್ನಾಟಕದಲ್ಲಿ ಎದ್ದ ಚರ್ಚೆ ಬಹುಮಟ್ಟಿಗೆ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ವಿವರಿಸಿದರೆ ಕರಗುವ ಭಯ

ಪೂರ್ವಕಥೆಯ ಕಷ್ಟ ಎದ್ದು ಕಾಣುವುದು ವೈಜ್ಞಾನಿಕ ಭಯಾನಕ ಚಿತ್ರಗಳಲ್ಲಿ. ರಿಡ್ಲಿ ಸ್ಕಾಟ್ ಅವರ ‘ಏಲಿಯನ್’ (1979) ಚಿತ್ರದಲ್ಲಿ ಹಾಳುಬಿದ್ದ ಒಂದು ಹಡಗಿನೊಳಗೆ, ಆಸನದಲ್ಲಿ ಕಲ್ಲಾದಂತೆ ಕೂತ ದೈತ್ಯ ಚಾಲಕನ ಶವ ಸಿಗುತ್ತದೆ. ಎದೆಯ ಮೂಳೆಗಳು ಒಳಗಿನಿಂದ ಹೊರಕ್ಕೆ ಒಡೆದಿವೆ. ಅವನು ಯಾರು, ಎಲ್ಲಿಯವನು ಎಂದು ಚಿತ್ರ ಹೇಳುವುದಿಲ್ಲ. ಹೇಳದೆ ಬಿಟ್ಟದ್ದೇ ಆ ದೃಶ್ಯದ ಬಲ. ಮೂವತ್ತಮೂರು ವರ್ಷಗಳ ಮೇಲೆ ಅದೇ ನಿರ್ದೇಶಕರು ‘ಪ್ರೊಮೀಥಿಯಸ್’ (2012) ಮಾಡಿ, ಅವನು ಮನುಕುಲವನ್ನೇ ಸೃಷ್ಟಿಸಿದ ಜನಾಂಗದವನು ಎಂದು ಬಿಡಿಸಿ ಹೇಳಿದರು. ಪ್ರೇಕ್ಷಕರು ಎರಡು ಪಂಗಡವಾದರು. ದೃಶ್ಯವೈಭವವನ್ನು ಹೊಗಳಿದವರೇ ಕಥೆಯ ಮೇಲೆ ಹರಿಹಾಯ್ದರು. ಅಪರಿಚಿತ ಗ್ರಹದಲ್ಲಿ ವಿಜ್ಞಾನಿಗಳು ಶಿರಸ್ತ್ರಾಣ ಕಳಚುವುದು, ಹಾವಿನಂಥ ಜೀವಿಯನ್ನು ಜೀವಶಾಸ್ತ್ರಜ್ಞ ಮುದ್ದು ಮಾಡಲು ಹೋಗುವುದು ಗೇಲಿಗೆ ಈಡಾದವು. ಹೆದರಬೇಕಾದ ಕಡೆ ಪ್ರೇಕ್ಷಕ ತಪ್ಪು ಹುಡುಕಲು ಕೂತ.

2011ರ ‘ದಿ ಥಿಂಗ್’ ಇನ್ನೂ ಶುದ್ಧವಾದ ನಿದರ್ಶನ. ಜಾನ್ ಕಾರ್ಪೆಂಟರ್ ಅವರ ಅದೇ ಹೆಸರಿನ 1982ರ ಚಿತ್ರದಲ್ಲಿ ಸುಟ್ಟು ಕರಕಲಾದ ನಾರ್ವೆಯ ಶಿಬಿರವೊಂದು ಕಾಣಿಸಿಕೊಳ್ಳುತ್ತದೆ. ಅಲ್ಲಿ ಏನು ನಡೆಯಿತು ಎಂಬುದೇ ಪೂರ್ವಕಥೆಯ ಇಡೀ ವಸ್ತು. ಸಿಕ್ಕಿಕೊಂಡ ಕೊಡಲಿ, ಎರಡು ಮುಖದ ಹೆಣ ಹೀಗೆ ಹಳೆಯ ಚಿತ್ರದ ಒಂದೊಂದು ಗುರುತಿಗೂ ಹೊಸದು ಲೆಕ್ಕ ಒಪ್ಪಿಸುತ್ತದೆ. ಲೆಕ್ಕವೇನೋ ಸರಿಹೋಯಿತು, ಭಯ ಮಾತ್ರ ಹುಟ್ಟಲಿಲ್ಲ. ಕೈಯಿಂದ ಮಾಡಿದ್ದ ಜೀವಿಗಳ ಬಹುಪಾಲನ್ನು ಗಣಕದ ಚಿತ್ರಗಳಿಂದ ಮುಚ್ಚಿದ್ದು ಅಭಿಮಾನಿಗಳ ದೊಡ್ಡ ದೂರಾಯಿತು. ಆದರೆ ನನ್ನ ದೃಷ್ಟಿಯಲ್ಲಿ ತಂತ್ರ ಎರಡನೆಯ ಮಾತು. ತತ್ತ್ವಶಾಸ್ತ್ರಜ್ಞ ನೋಯೆಲ್ ಕ್ಯಾರಲ್ 1990ರ ತಮ್ಮ ಗ್ರಂಥದಲ್ಲಿ ಭಯಾನಕ ಕಥೆಯನ್ನು ಕುತೂಹಲದ ಬೆನ್ನೇರಿ ಸಾಗುವ ಕಥೆಯೆಂದು ವಿವರಿಸುತ್ತಾರೆ: ನಮ್ಮ ತಿಳಿವಳಿಕೆಯ ವರ್ಗಗಳಲ್ಲಿ ಕೂರದ ಜೀವಿಯನ್ನು ಕಂಡುಹಿಡಿಯುವ, ಇದೆಯೆಂದು ಸಾಬೀತು ಮಾಡುವ ಕ್ರಿಯೆಯೇ ಅಲ್ಲಿ ಸುಖ. ಕಂಡುಹಿಡಿದಾದ ಮೇಲೆ ಬರುವ ಪೂರ್ವಕಥೆಗೆ ಆ ಬಂಡವಾಳ ಮೊದಲೇ ಖರ್ಚಾಗಿರುತ್ತದೆ.

ಚಿಕ್ಕಮಗಳೂರು ಜಿಲ್ಲೆಯವರಿಗೆ ಇಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನೆನಪಾದರೆ ಆಶ್ಚರ್ಯವಿಲ್ಲ. ಕಾಡು, ವಿಜ್ಞಾನಿ, ಕಾಲದಾಚೆಯ ಜೀವಿ ಮೂರೂ ಅಲ್ಲಿವೆ. ಆದರೆ ಹಾರುವ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಮಲೆನಾಡಿನ ವಿಜ್ಞಾನಕಥೆ ಭಯದ ಬದಲು ಬೆರಗನ್ನು ಆರಿಸಿಕೊಂಡಿತು; ಭಯದ ವಿಷಯವನ್ನು ನಮ್ಮ ಕಡೆ ದೈವ, ಭೂತಗಳು ನೋಡಿಕೊಳ್ಳುತ್ತಿದ್ದವು.

ಪಾಡ್ದನವೆಂಬ ಪೂರ್ವಕಥೆ

‘ಕಾಂತಾರ’ದ ಸಂಗತಿ ಬೇರೆ ಎಂಬುದು ಇಲ್ಲಿಂದ ಶುರುವಾಗುತ್ತದೆ. ತುಳುನಾಡಿನ ಭೂತಾರಾಧನೆಯಲ್ಲಿ ಪೂರ್ವಕಥೆ ಆಚರಣೆಯದೇ ಒಂದು ಅಂಗ. ದೈವದ ಹುಟ್ಟು, ಪ್ರಯಾಣ, ಇಂಥ ಊರಿನಲ್ಲಿ ನೆಲೆನಿಂತ ಬಗೆ ಇವನ್ನು ಪಾಡ್ದನ ಹೇಳುತ್ತದೆ. ನಲಿಕೆ, ಪಂಬದ, ಪರವ ಸಮುದಾಯಗಳು ಇದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ತೆಂಬರೆಯ ಬಡಿತಕ್ಕೆ ಹೆಂಗಸರ ದನಿ ಜೊತೆಗೂಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎ.ಸಿ. ಬರ್ನೆಲ್ ಸಂಗ್ರಹಿಸಿದ್ದು ಅವರ ಮರಣಾನಂತರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ನಮ್ಮ ಕಾಲದಲ್ಲಿ ಪೀಟರ್ ಕ್ಲಾಸ್, ಅಮೃತ ಸೋಮೇಶ್ವರ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ಕೆಲಸ ಈ ಕ್ಷೇತ್ರಕ್ಕೆ ಗಟ್ಟಿ ಬುನಾದಿ ಹಾಕಿದೆ. ನಮ್ಮ ಚರ್ಚೆಗೆ ಮುಖ್ಯವಾದದ್ದು ಇಷ್ಟು: ದೈವ ಮೈದುಂಬಿ ಕುಣಿಯುವ ಕೋಲದ ಅಂಗಳದಲ್ಲಿ ಕೂತವರಿಗೆ ಪಾಡ್ದನದ ಆದಿಯೂ ಗೊತ್ತು, ಅಂತ್ಯವೂ ಗೊತ್ತು. ವರ್ಷ ವರ್ಷ ಕೇಳಿದ್ದಾರೆ. ಆದರೂ ನರ್ತಕನ ಕಾಲಿನ ಗಗ್ಗರದ ಸದ್ದಿಗೆ ಕೈಗಳು ಮುಗಿಯುತ್ತವೆ. ಹುಟ್ಟಿನ ಕಥೆ ಅಲ್ಲಿ ಒಗಟು ಬಿಡಿಸುವುದಕ್ಕೆ ಇರುವುದಲ್ಲ. ಈಗ ಎದುರಿಗೆ ನುಡಿಕೊಡಲಿರುವ ಶಕ್ತಿಗೆ ಆ ನೆಲದ ಮೇಲೆ ಇರುವ ಹಕ್ಕನ್ನು ಅದು ಮತ್ತೊಮ್ಮೆ ಸಾರುತ್ತದೆ.

2022ರ ಚಿತ್ರ ಈ ವಿನ್ಯಾಸವನ್ನು ಚೆನ್ನಾಗಿ ಅರಿತಿತ್ತು. 1847ರಲ್ಲಿ ನೆಮ್ಮದಿ ಹುಡುಕಿ ಹೊರಟ ಅರಸ ಪಂಜುರ್ಲಿ ದೈವದ ಕಲ್ಲನ್ನು ಪಡೆದು ಬದಲಿಗೆ ಕಾಡಿನ ಜನಕ್ಕೆ ಭೂಮಿ ಬಿಟ್ಟುಕೊಡುವ ಕಥೆ ಆರಂಭದಲ್ಲೇ ಬಂದುಹೋಗುತ್ತದೆ. 1990ರ ಜಗಳವೆಲ್ಲ ಆ ಮಾತನ್ನು ಮುರಿದದ್ದರ ಫಲ. ಅಂದರೆ ಆ ಚಿತ್ರಕ್ಕೆ ತನ್ನದೇ ಪುಟ್ಟ ಪಾಡ್ದನವಿತ್ತು. 2025ರ ಚಿತ್ರ ಇನ್ನೂ ಹಿಂದಕ್ಕೆ, ಕದಂಬರ ಕಾಲಕ್ಕೆ ಹೋಗುತ್ತದೆ. ಬಾಂಗ್ರದ ಅರಸುಮನೆ, ಸಂಬಾರ ವ್ಯಾಪಾರದ ಬಂದರು, ಕಾಡಿನ ನಾಯಕ ಬೆರ್ಮೆ, ಯುವರಾಣಿ ಕನಕವತಿ ಇವೆಲ್ಲ ಲೇಖಕರ ಕಲ್ಪನೆ. ಕಲ್ಪಿಸುವುದು ತಪ್ಪಲ್ಲ. ಆದರೆ ಜೀವಂತ ಆರಾಧನೆಯ ಸುತ್ತ ಹೊಸ ಮೂಲವೊಂದನ್ನು ಹೆಣೆದಾಗ, ಹುಟ್ಟನ್ನು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆ ಏಳದೆ ಇರದು. ಕರಾವಳಿಯ ದೈವಾರಾಧಕರಿಂದ ಬಂದ ಆಕ್ಷೇಪಗಳ ತಿರುಳು ಇದೇ ಎಂದು ನನ್ನ ಓದು. ಚಿತ್ರದಲ್ಲಿ ಅವರು ಕಂಡದ್ದು ಅಪಚಾರಕ್ಕಿಂತ ಹೆಚ್ಚಾಗಿ ಪೈಪೋಟಿಯ ಪಾಡ್ದನವನ್ನು. ಹಾಲಿವುಡ್ಡಿನ ಪೂರ್ವಕಥೆ ಹಳೆಯ ಚಿತ್ರದೊಡನೆ ಮಾತ್ರ ಸೆಣಸುತ್ತದೆ. ಇದು ಬಾಳುತ್ತಿರುವ ಒಂದು ಮೌಖಿಕ ಪರಂಪರೆಯ ಎದುರು ನಿಂತಿತು.

ಚಿತ್ರಮಂದಿರದಲ್ಲಿ ಮೈದುಂಬುವುದು

2025ರ ಚಿತ್ರದ ಬಿಡುಗಡೆಯ ವಾರದ ಆಸುಪಾಸಿನಲ್ಲೇ ವಿಚಿತ್ರ ಬಗೆಯ ಪ್ರತಿಕ್ರಿಯೆಗಳು ಕಂಡವು. ತೆರೆಯ ಮುಂದೆ ದೈವದಂತೆ ಕೂಗುವವರು, ಮೈನಡುಗಿಸುವವರು ಕಾಣಿಸಿಕೊಂಡರು. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಒಬ್ಬ ವೇಷ ಹಾಕಿಕೊಂಡೇ ಚಿತ್ರಮಂದಿರಕ್ಕೆ ಬಂದ. ದೈವಾರಾಧನೆ ತುಳುನಾಡಿನ ನಂಬಿಕೆಯ ವಿಷಯ, ದಯವಿಟ್ಟು ಅನುಕರಿಸಬೇಡಿ ಎಂದು ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ಸಾರ್ವಜನಿಕವಾಗಿ ಕೇಳಿಕೊಳ್ಳಬೇಕಾಯಿತು. ನವೆಂಬರಿನಲ್ಲಿ ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿಯ ಹೆಸರಾಂತ ನಟರೊಬ್ಬರು ಚಿತ್ರದ ದೈವದ ದೃಶ್ಯವನ್ನು ನಕಲು ಮಾಡಿ, ಆಮೇಲೆ ಕ್ಷಮೆ ಕೇಳಿದರು.

ಇದನ್ನು ಅಭಿಮಾನದ ಅತಿರೇಕ ಎಂದು ತಳ್ಳಿಹಾಕಬಹುದು. ಪತ್ರಿಕೆಗಳು ಹೆಚ್ಚಾಗಿ ಹಾಗೇ ಮಾಡಿದವು. ರಸಶಾಸ್ತ್ರದ ಕಡೆಯಿಂದ ನೋಡಿದರೆ ಇದು ಅಷ್ಟು ಸರಳವಲ್ಲ. ಭಯಾನಕ ರಸವನ್ನು ಸವಿಯುವ ಸಹೃದಯ ಎದ್ದು ಓಡುವುದಿಲ್ಲ. ಭಯ ಅಲ್ಲಿ ಅವನ ಸ್ವಂತದ್ದಾಗಿರದೆ ಸಾಧಾರಣೀಕೃತವಾಗಿರುತ್ತದೆ. ಕೋಲದ ಅಂಗಳದಲ್ಲಾದರೋ ಸಹೃದಯನಿಗೆ ಜಾಗವೇ ಇಲ್ಲ. ಅಲ್ಲಿ ಇರುವವರು ಅರಿಕೆ ಹೊತ್ತು ಬಂದವರು. ಗಡಿಜಗಳ, ಕಾಯಿಲೆ, ಮುರಿದ ಮದುವೆ ಎಲ್ಲಕ್ಕೂ ಅವರಿಗೆ ದೈವದ ನುಡಿ ಬೇಕು. ಸಿನಿಮಾ ಮೊದಲು ಭಕ್ತನನ್ನು ಪ್ರೇಕ್ಷಕನನ್ನಾಗಿ ಮಾಡಿತು. ಆ ಪ್ರೇಕ್ಷಕ ಮರಳಿ ಭಾಗಿಯಾಗಲು ಹೊರಟಾಗ ಭಕ್ತನ ಜಾಗದಲ್ಲಿ ನಿಲ್ಲದೆ ನೇರ ದೈವದ ಜಾಗಕ್ಕೇ ನೆಗೆದ. ಅರಿಕೆಗೆ ಉತ್ತರ ಕೊಡುವವರು ತೆರೆಯ ಮೇಲೆ ಯಾರೂ ಇಲ್ಲವಲ್ಲ. ಉಳಿದದ್ದು ದೈವದ ಕೂಗೊಂದೇ.

ಕೋಲದಲ್ಲಿ ಆ ಜಾಗಕ್ಕೆ ಏರಲು ಮೆಟ್ಟಿಲುಗಳಿವೆ. ಸಮುದಾಯದಲ್ಲಿ ಹುಟ್ಟಿರಬೇಕು, ವ್ರತ ಹಿಡಿಯಬೇಕು, ಎಣ್ಣೆ, ವೀಳ್ಯದ ‘ಎಣ್ಣೆಬೂಳ್ಯ’ ಪಡೆಯಬೇಕು, ಬಣ್ಣ ಬರೆದು ಅಣಿ ಕಟ್ಟಬೇಕು. ಈ ಹಿನ್ನೆಲೆಯಲ್ಲಿ ಬಿಡುಗಡೆಗೆ ಮುಂಚೆ ಹರಿದಾಡಿದ ಒಂದು ನಕಲಿ ಭಿತ್ತಿಪತ್ರ ನನಗೆ ಇಡೀ ಪ್ರಕರಣದ ಅತ್ಯಂತ ಬೆಲೆಬಾಳುವ ದಾಖಲೆಯಾಗಿ ಕಾಣುತ್ತದೆ. ಚಿತ್ರ ನೋಡುವ ತನಕ ಮದ್ಯ ಕುಡಿಯಬೇಡಿ, ಧೂಮಪಾನ ಮಾಡಬೇಡಿ, ಮಾಂಸ ತಿನ್ನಬೇಡಿ ಎಂದು ಅದು ಪ್ರೇಕ್ಷಕರಿಗೆ ಹೇಳಿತ್ತು. ಅದು ಚಿತ್ರತಂಡದ್ದಲ್ಲ, ಯಾರ ಊಟದ ವಿಷಯವನ್ನೂ ಕೇಳುವ ಹಕ್ಕು ತಮಗಿಲ್ಲ ಎಂದು ರಿಷಬ್ ಶೆಟ್ಟಿ 2025ರ ಸೆಪ್ಟೆಂಬರಿನಲ್ಲೇ ಸ್ಪಷ್ಟಪಡಿಸಿದರು. ಬರೆದವರ ಉದ್ದೇಶ ಏನೇ ಇರಲಿ, ಜನ ಅದನ್ನು ಸುಲಭವಾಗಿ ನಂಬಿ ಹಂಚಿದ್ದು ಗಮನಾರ್ಹ. ತೆರೆಗೂ ತಮಗೂ ನಡುವೆ ಮೆಟ್ಟಿಲೊಂದು ಇಲ್ಲ ಎಂಬ ಅರಿವು ಪ್ರೇಕ್ಷಕರಿಗೇ ಇತ್ತು. ನರ್ತಕನ ವ್ರತವನ್ನು ಟಿಕೆಟ್ ಕೊಂಡವರಿಗೆ ದಾಟಿಸಿ ಆ ಕೊರತೆ ತುಂಬುವ ಯತ್ನ ಅದು. ಮಾಂಸವನ್ನು ನಿಷೇಧದ ಪಟ್ಟಿಗೆ ಸೇರಿಸಿದವರಿಗೆ ಕೋಳಿ ಒಪ್ಪಿಸಿಕೊಳ್ಳುವ ಭೂತಗಳ ವಿಚಾರ ಹೆಚ್ಚು ಗೊತ್ತಿದ್ದಂತಿಲ್ಲ, ಅದು ಬೇರೆ ಮಾತು.

‘ಚಾಪ್ಟರ್ 1’ರ ಚಿತ್ರೀಕರಣದ ಕಾಲದ ಸಾವು, ಅವಘಡಗಳಿಗೆ ದೈವದ ಮುನಿಸು ಕಾರಣವೆಂಬ ಮಾತೂ ಇದೇ ಬೇರಿನದು. ಕನ್ನಡಕ್ಕೆ ಇದು ಹೊಸತಲ್ಲ. ‘ಆಪ್ತಮಿತ್ರ’ (2004) ಬಿಡುಗಡೆಗೆ ಮುನ್ನ ಸೌಂದರ್ಯ ತೀರಿಕೊಂಡರು. ಮುಂದಿನ ಭಾಗ ‘ಆಪ್ತರಕ್ಷಕ’ (2010) ತೆರೆಕಾಣುವ ಹೊತ್ತಿಗೆ ವಿಷ್ಣುವರ್ಧನ್ ಇರಲಿಲ್ಲ. ಆ ಚಿತ್ರಗಳ ಪ್ರೇತ ನಾಗವಲ್ಲಿಯ ಶಾಪದ ಕಥೆಯನ್ನು ಆಗ ಹುಟ್ಟಿಸಿದ್ದು ಪ್ರೇಕ್ಷಕರೇ, ಚಿತ್ರಕಥೆ ಬರೆದವರಲ್ಲ. ಕೊನೆ ಗೊತ್ತಿದ್ದ ಕಥೆ ತೆರೆಯ ಮೇಲೆ ಹೆದರಿಸಲಾರದೆ ಹೋದಾಗ ಭಯ ತೆರೆಯ ಹೊರಗೆ ಮನೆ ಹುಡುಕುತ್ತದೆ.

ಹೆಬ್ಬೆಯ ಕಡೆಯಿಂದ

ಈಗ ಘಟ್ಟ ಹತ್ತೋಣ. ಕೊಪ್ಪ, ಶೃಂಗೇರಿ, ಮೂಡಿಗೆರೆಯ ತೋಟಗಳಲ್ಲಿ ಪಂಜುರ್ಲಿಯಂಥ ಭೂತಗಳಿಗೆ ಕಲ್ಲು, ಬನ ಇದ್ದೇ ಇವೆ. ಕೆಮ್ಮಣ್ಣುಗುಂಡಿ ಇಳಿದು ಲಿಂಗದಹಳ್ಳಿ, ತರೀಕೆರೆ, ಕಡೂರು, ಅಜ್ಜಂಪುರದತ್ತ ಬಂದಂತೆ ಚೌಡಿ, ಮಾರಿ, ಅಂತರಘಟ್ಟೆಯ ಅಮ್ಮ, ಕಲ್ಲತ್ತಿಗಿರಿಯ ವೀರಭದ್ರ ಮುಂದೆ ಬರುತ್ತಾರೆ. ಈ ಸೀಮೆಯವರಿಗೆ ‘ಮೈಮೇಲೆ ಬರುವುದು’ ದಿನಬಳಕೆಯ ಮಾತು. ವೀರಗಾಸೆಯನ್ನು ನೋಡಿ ಬೆಳೆದವರಿಗೆ ಕುಣಿತದ ನಡುವೆ ನಿಂತು ಒಡಪು ಹೇಳುವ ಕ್ರಮ ಗೊತ್ತು: ದಕ್ಷಯಜ್ಞ, ಶಿವನ ಜಟೆಯಿಂದ ವೀರಭದ್ರನ ಹುಟ್ಟು. ಕೈಯಲ್ಲಿ ಕತ್ತಿ ಹಿಡಿದವನು ತನ್ನ ದೇವರ ಪೂರ್ವಕಥೆಯನ್ನು ತಾನೇ ಸಾರುತ್ತಾನೆ, ಕೇಳುವವರು ಮುಂದಿನ ಸಾಲನ್ನು ಬಲ್ಲರು. ಹಾಗಾಗಿ ಪೂರ್ವಕಥಾ ಚಿತ್ರವನ್ನು ನೋಡುವ ತರಬೇತಿ ಈ ಪ್ರೇಕ್ಷಕನಿಗೆ ಬಾಲ್ಯದಿಂದಲೇ ಆಗಿದೆ. ದೈವ ಯಾವುದೆಂದು ಅವನಿಗೆ ತಿಳಿಯದಿರಬಹುದು. ಆ ಕೂಗಿನ ಮುಂದೆ ಹೇಗೆ ನಿಲ್ಲಬೇಕೆಂದು ತಿಳಿದಿದೆ. ದಿಂಡಿಗಲ್ಲಿನವನಿಗೂ ಗೋವಾದ ವೇದಿಕೆಗೂ ಇಲ್ಲದ ಅಂಜಿಕೆ ಇಲ್ಲಿದೆ. ಕರಾವಳಿಯವರ ‘ಇದು ನಮ್ಮದು’ ಎಂಬ ಒಡೆತನದ ದನಿ ಮಾತ್ರ ಇಲ್ಲ.

ಇನ್ನೊಂದು ವ್ಯತ್ಯಾಸ ಭೂಮಿಯದು. ನನಗೆ ಇದೇ ಹೆಚ್ಚು ಮುಖ್ಯ. ಹೆಬ್ಬೆ ಜಲಪಾತಕ್ಕೆ ಇವತ್ತು ಹೋಗುವವರು ಕಾಫಿತೋಟದ ನಡುವೆ ಜೀಪಿನಲ್ಲಿ ಕುಲುಕಾಡುತ್ತ, ಭದ್ರಾ ಹುಲಿ ಮೀಸಲಿನ ಕಾಡಿಗೆ ಹೋಗುತ್ತಾರೆ. 1974ರಲ್ಲಿ ವನ್ಯಧಾಮ, 1998ರಲ್ಲಿ ಹುಲಿ ಯೋಜನೆ. 2002ರ ವೇಳೆಗೆ ಒಳಗಿನ ಹಳ್ಳಿಗಳಿಂದ 419 ಕುಟುಂಬಗಳು ಹೊರಬಂದವು. ಬಹಳ ಮಂದಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಜಮೀನು ಸಿಕ್ಕಿತು. ದೇಶದಲ್ಲಿ ನಡೆದ ಸ್ಥಳಾಂತರಗಳ ಪೈಕಿ ಇದು ಮೆಚ್ಚುಗೆ ಪಡೆದ ಪ್ರಕರಣ. ಕೃತಿ ಕಾರಂತ್ ಅವರ 2007ರ ಅಧ್ಯಯನ ಇದನ್ನೇ ಕುರಿತದ್ದು. ‘ಕಾಂತಾರ’ದ ಅರಣ್ಯಾಧಿಕಾರಿಗೂ ಹಳ್ಳಿಯವರಿಗೂ ನಡೆಯುವ ಗುದ್ದಾಟ ಈ ಸೀಮೆಯಲ್ಲಿ ಒಪ್ಪಂದದ ಕಾಗದಗಳಲ್ಲಿ, ಶಾಲೆ, ನೀರಾವರಿ, ಆಸ್ಪತ್ರೆಯ ಹಂಬಲದಲ್ಲಿ ಬಗೆಹರಿಯಿತು. ಚಿತ್ರದಲ್ಲಿ ಕಾಡು ಬಿಡುವುದೆಂದರೆ ಸೋಲು. ಇಲ್ಲಿ ಅನೇಕರಿಗೆ ಅದು ಮಕ್ಕಳನ್ನು ಓದಿಸುವ ದಾರಿಯಾಗಿತ್ತು. ಮನೆಗೆ, ಗದ್ದೆಗೆ, ಮರಕ್ಕೆ ಪರಿಹಾರದ ಲೆಕ್ಕ ಹಾಕಬಹುದು. ಬನದಲ್ಲಿ ನಟ್ಟ ಕಲ್ಲಿಗೆ ಯಾವ ದರ? ಅಂಥ ಕಲ್ಲನ್ನು ಎತ್ತಿ ತರಬೇಕೆ, ಅಲ್ಲೇ ಬಿಟ್ಟು ವರ್ಷಕ್ಕೊಮ್ಮೆ ಅನುಮತಿ ಪಡೆದು ಹೋಗಿ ಪೂಜಿಸಬೇಕೆ, ಹೊಸ ಊರಿನಲ್ಲಿ ಹೊಸತಾಗಿ ಪ್ರತಿಷ್ಠೆ ಮಾಡಬೇಕೆ ಎಂಬುದು ಕಾಡು ಬಿಟ್ಟ ಯಾವ ಊರನ್ನೂ ಕಾಡದೆ ಬಿಡದ ಪ್ರಶ್ನೆ. ನೆಲವನ್ನೂ ದೈವವನ್ನೂ ಬಿಡಿಸಲಾಗದಂತೆ ಕಟ್ಟಿದ ಚಿತ್ರವನ್ನು ಅಂಥವರು ನೋಡುವಾಗ, ಪರದೆಯ ಮೇಲಿನ ಆದಿಕಾಲ ಅವರಿಗೆ ದಂತಕಥೆಯಾಗಿ ಕಾಣುವುದಿಲ್ಲ. ತಾವೇ ಸಹಿ ಹಾಕಿ ಮುಗಿಸಿದ ಒಂದು ವ್ಯವಹಾರದ ಹಿಂದಿನ ಪುಟವಾಗಿ ಕಾಣುತ್ತದೆ.

ಸರ್ಕಾರದ ಕಾಗದ ದೈವದ ಕಡೆಗೂ ಒಮ್ಮೆ ತಿರುಗಿತು: 2022ರ ಅಕ್ಟೋಬರಿನಲ್ಲಿ, ಮೊದಲ ಚಿತ್ರದ ಅಲೆ ಏರಿದ್ದಾಗ, ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿತು. ಪ್ರೇಕ್ಷಕರ ಪ್ರತಿಕ್ರಿಯೆ ಸರ್ಕಾರಿ ಘೋಷಣೆಯಾಗಿ ಹೊರಬಂದ ಅಪರೂಪದ ಸಂದರ್ಭ ಇದು. ಪಾಡ್ದನ ಹಾಡುವ ಹೆಂಗಸರು ಆ ಘೋಷಣೆಯ ಮಾತಿನಲ್ಲಿ ಎಲ್ಲೂ ಕೇಳಿಬರಲಿಲ್ಲ. ಪೂರ್ವಕಥೆಯನ್ನು ನಿಜವಾಗಿ ಬಲ್ಲವರು ಅವರು. ತೆರೆಯ ಮೇಲಿನ ಅಬ್ಬರದಲ್ಲೂ ತೆಂಬರೆ ಹಿಡಿದ ಕೈ ಹಿನ್ನೆಲೆಯಲ್ಲೇ ಉಳಿಯಿತು.