ಬಾರದ ಬಾಕಿಗೂ ಒಂದು ಲೆಕ್ಕ

ಉದ್ರಿ ಕೊಡದೆ ವ್ಯಾಪಾರವಿಲ್ಲ. ಕೊಟ್ಟ ಉದ್ರಿಯೆಲ್ಲ ವಾಪಸು ಬರುವುದೂ ಇಲ್ಲ. ಮಂಗಳೂರಿನ ಬಂದರು ಪ್ರದೇಶದ ಸಗಟು ವ್ಯಾಪಾರಿಗಳು ಬಲ್ಲ ಈ ಸತ್ಯ ಬ್ಯಾಂಕುಗಳ ಲೆಕ್ಕಪತ್ರದಲ್ಲಿ ಕಟ್ಟುನಿಟ್ಟಾಗಿ ಮೂಡಲು ಮಾತ್ರ ಬಹುಕಾಲ ಹಿಡಿಯಿತು.

1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಕೆನರಾ ಹಿಂದು ಪರ್ಮನೆಂಟ್ ಫಂಡ್ ಆರಂಭಿಸಿದರು. ಇಂದಿನ ಕೆನರಾ ಬ್ಯಾಂಕಿನ ಮೂಲ ಇದೇ. ಅದೇ ವರ್ಷ ಮದರಾಸಿನಲ್ಲಿ ಅರ್ಬತ್‌ನಾಟ್ ಕಂಪೆನಿ ದಿವಾಳಿಯೆದ್ದು ಸಾವಿರಾರು ಠೇವಣಿದಾರರು ಹಣ ಕಳೆದುಕೊಂಡರು. ಮುಳುಗುವ ಸಾಲ ಯಾರ ಗಂಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಇದೇ ಊರಿನಲ್ಲಿ ಹುಟ್ಟಿದವು.

ಆದರೂ ದೇಶದ ಬ್ಯಾಂಕುಗಳಲ್ಲಿ, ಸಾಲಗಾರ ಕಟ್ಟದ ಬಡ್ಡಿಯನ್ನೂ ಆದಾಯವೆಂದು ಬರೆದುಕೊಳ್ಳುವ ರೂಢಿ ಉಳಿದಿತ್ತು. ಲಾಭವೆಲ್ಲ ಕಾಗದದ ಮೇಲೆ! 1991ರ ನರಸಿಂಹಂ ಸಮಿತಿಯ ವರದಿಯ ನಂತರ, 1992ರಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ತಡೆ ಹಾಕಿತು. ಕೆಟ್ಟ ಸಾಲದ ಬಡ್ಡಿ ಕೈಗೆ ಬಂದರಷ್ಟೇ ಆದಾಯ. ಮೊದಲ ಹಂತದ ಕೆಟ್ಟ ಸಾಲಕ್ಕೆ ಶೇ. 10, ಪೂರ್ತಿ ಮುಳುಗಿದ್ದಕ್ಕೆ ಶೇ. 100ರಷ್ಟು ಕಾಯ್ದಿರಿಸಬೇಕಾಯಿತು. 2004ರಿಂದ, ಕಂತು 90 ದಿನ ಮೀರಿ ಬಾಕಿಯಾದರೆ ಸಾಲ ಕೆಟ್ಟಂತೆ.

ಕಾಯ್ದಿರಿಸುವುದೆಂದರೆ ಹಣವನ್ನು ಬೇರೆ ಪೆಟ್ಟಿಗೆಯಲ್ಲಿಡುವುದಲ್ಲ. ಲಾಭದಿಂದ ಅಷ್ಟು ಕಳೆದು ತೋರಿಸುವುದು. ಇದರಿಂದ ಸಾಲಗಾರನ ಸಾಲ ಮನ್ನಾ ಆಗದು, ವಸೂಲಿ ನಡೆದೇ ಇರುತ್ತದೆ. ಹಲವರು ತಪ್ಪು ತಿಳಿಯುವುದು ಇಲ್ಲೇ.

ವ್ಯಾಪಾರಿ ಕಂಪೆನಿಗಳ ನಿಯಮ ಇನ್ನೂ ಮುಂದೆ ಹೋಗಿದೆ. 2016ರಿಂದ ಜಾರಿಗೆ ಬಂದ ಹೊಸ ಲೆಕ್ಕ ಮಾನದಂಡದಡಿ ದೊಡ್ಡ ಕಂಪೆನಿಗಳು, ಗ್ರಾಹಕ ಕೈಯೆತ್ತುವವರೆಗೆ ಕಾಯದೆ, ಹಿಂದಿನ ಅನುಭವ ನೋಡಿ ಉದ್ರಿ ಮಾರಾಟದ ನಷ್ಟವನ್ನು ಮೊದಲೇ ಅಂದಾಜಿಸಬೇಕು.