ಪಲ್ಸ್ ಮಾಡ್ಯುಲೇಷನ್: ಟೆಲಿಫೋನ್‌ನಿಂದ ಸೋಲಾರ್ ಪೆಟ್ಟಿಗೆಯವರೆಗೆ

ದನಿಯನ್ನು ತಂತಿಯಲ್ಲಿ ಕಳುಹಿಸಲು ಅದನ್ನು ಎಡೆಬಿಡದೆ ಹರಿಸಲೇಬೇಕೆಂದಿಲ್ಲ. ಆಗಾಗ ಅದರ ಅಳತೆ ತೆಗೆದು, ಆ ಅಳತೆಗಳನ್ನಷ್ಟೇ ವಿದ್ಯುತ್ತಿನ ಚಿಕ್ಕ ಮಿಡಿತಗಳಾಗಿ, ಅಂದರೆ ಪಲ್ಸ್‌ಗಳಾಗಿ ಕಳುಹಿಸಿದರೂ ಆಚೆ ತುದಿಯಲ್ಲಿ ದನಿಯನ್ನು ಮರಳಿ ಪಡೆಯಬಹುದು. ಷರತ್ತು ಒಂದೇ: ದನಿಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಟೆಲಿಫೋನಿನಲ್ಲಿ ಸುಮಾರು 3,400 ಹರ್ಟ್ಸ್‌ವರೆಗಿನ ದನಿ ಸಾಗುತ್ತದೆ. ಆದ್ದರಿಂದ ಸೆಕೆಂಡಿಗೆ 8,000 ಅಳತೆ ಎಂಬುದು ರೂಢಿ.

ಅಳತೆಯನ್ನು ಮಿಡಿತದ ಮೇಲೆ ಹೇಗೆ ಹೇರುತ್ತೇವೆ ಎಂಬುದರಲ್ಲಿಯೇ ವ್ಯತ್ಯಾಸ. ಮಿಡಿತದ ಎತ್ತರ ಬದಲಾದರೆ ಪಿಎಎಂ. ಇದು ಸರಳ, ಆದರೆ ದಾರಿಯಲ್ಲಿ ಸೇರುವ ಗದ್ದಲವೂ ಎತ್ತರವನ್ನೇ ಕೆಡಿಸುವುದರಿಂದ ದೂರಕ್ಕೆ ಒಗ್ಗದು. ಅಗಲ ಬದಲಾದರೆ ಪಿಡಬ್ಲ್ಯುಎಂ. ಎತ್ತರ ಅಗಲ ಹಾಗೆಯೇ ಇದ್ದು, ಮಿಡಿತ ಬರುವ ಸಮಯ ಮಾತ್ರ ಹಿಂದೆಮುಂದಾದರೆ ಪಿಪಿಎಂ. ಇವೆರಡರಲ್ಲಿ ಎತ್ತರದ ಮೇಲೆ ಕೂತ ಗದ್ದಲವನ್ನು ಕತ್ತರಿಸಿ ಹಾಕಬಹುದು, ಆದರೆ ಬ್ಯಾಂಡ್‌ವಿಡ್ತ್ ಹೆಚ್ಚು ಬೇಕು. ಪಿಪಿಎಂನಲ್ಲಂತೂ ಎರಡೂ ತುದಿಗಳ ಗಡಿಯಾರ ಕೂಡಿಬರಬೇಕು. ಹಲವು ಟಿವಿ ರಿಮೋಟ್‌ಗಳು ಮಿಡಿತಗಳ ನಡುವಿನ ಅಂತರದಿಂದಲೇ 0 ಮತ್ತು 1 ಹೇಳುತ್ತವೆ. ಪಿಪಿಎಂನ ದಾಯಾದಿ ಎನ್ನಬಹುದು.

ನಾಲ್ಕನೆಯದು ಪಿಸಿಎಂ. ಇಲ್ಲಿ ಅಳತೆಯನ್ನು ಅಂಕಿಯಾಗಿ ಬರೆದೇ ಕಳುಹಿಸುತ್ತಾರೆ. 8 ಬಿಟ್ ಎಂದರೆ 256 ಮೆಟ್ಟಿಲು. 8,000ದಿಂದ ಗುಣಿಸಿದರೆ ಒಂದು ಕರೆಗೆ ಸೆಕೆಂಡಿಗೆ 64,000 ಬಿಟ್. ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ 1937ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ಯೋಚಿಸಿದರು. ವಾಲ್ವ್‌ಗಳ ಕಾಲಕ್ಕೆ ಅದು ದುಬಾರಿ. ಟ್ರಾನ್ಸಿಸ್ಟರ್ ಬಂದ ಮೇಲೆ, 1962ರಲ್ಲಿ ಅಮೆರಿಕದ ಬೆಲ್ ಜಾಲದಲ್ಲಿ 24 ಕರೆಗಳು ಒಟ್ಟಿಗೆ ಹೀಗೆ ಸಾಗಿದವು. ಟ್ರಂಕ್ ಕಾಲ್‌ನಲ್ಲಿ ಕಿರುಚಿ ಮಾತಾಡಿದ್ದು ನಮ್ಮ ತಲೆಮಾರಿಗೆ ನೆನಪಿದೆ: ಹಳೆಯ ವರ್ಧಕಗಳು ದನಿಯ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತಿದ್ದವು. ಪಿಸಿಎಂ ರಿಪೀಟರ್ ಮಿಡಿತ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಹೊಸದನ್ನೇ ಹುಟ್ಟಿಸುತ್ತದೆ. ಗದ್ದಲ ಅಲ್ಲಿಗೇ ನಿಲ್ಲುತ್ತದೆ.

ಹಾಗೆಂದು ಪಿಡಬ್ಲ್ಯುಎಂ ಮೂಲೆಗುಂಪಾಗಲಿಲ್ಲ. ಸುದ್ದಿ ಸಾಗಿಸುವುದಕ್ಕಿಂತ ಶಕ್ತಿ ಹಂಚುವುದರಲ್ಲಿ ಅದು ಗಟ್ಟಿಗ. ಬಿಎಲ್‌ಡಿಸಿ ಫ್ಯಾನಿನ ವೇಗ, ಸೋಲಾರ್ ಪಂಪಿನ ಮೋಟಾರು, ಇನ್ವರ್ಟರ್ ಎಲ್ಲದರಲ್ಲೂ ಇದೇ ತಂತ್ರ: ಸ್ವಿಚ್ಚನ್ನು ಬೇಗಬೇಗ ಹಾಕಿ ತೆಗೆದು, ಹಾಕಿರುವ ಹೊತ್ತನ್ನು ಹೆಚ್ಚು ಕಡಿಮೆ ಮಾಡುವುದು.

ಗ್ರಾಹಕರ ಜೇಬಿಗೆ ತಾಗುವುದು ಸೋಲಾರ್ ಚಾರ್ಜ್ ಕಂಟ್ರೋಲರ್. ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲ್ಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವುದರಿಂದ ಪ್ಯಾನೆಲ್ಲಿನ ವೋಲ್ಟೇಜ್ ಬ್ಯಾಟರಿಯ ಮಟ್ಟಕ್ಕೆ ಇಳಿಯುತ್ತದೆ. 36 ಸೆಲ್‌ಗಳ, ಸುಮಾರು 18 ವೋಲ್ಟ್‌ನ ಪ್ಯಾನೆಲ್ಲನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ನಷ್ಟ ಸಹಿಸಬಹುದು. 60 ಸೆಲ್‌ಗಳ 300 ವ್ಯಾಟ್ ಪ್ಯಾನೆಲ್ ಜೋಡಿಸಿದರೆ ಸಿಗುವುದು ಸುಮಾರು 125 ವ್ಯಾಟ್ ಮಾತ್ರ. ಅದಕ್ಕೆ ಎಂಪಿಪಿಟಿ ಕಂಟ್ರೋಲರೇ ಬೇಕು. ಅಗ್ಗದ ಪೆಟ್ಟಿಗೆಯ ಮೇಲೆ ಎಂಪಿಪಿಟಿ ಎಂದು ಅಚ್ಚಾಗಿದ್ದರೂ ಒಳಗೆ ಪಿಡಬ್ಲ್ಯುಎಂ ಇರುವುದುಂಟು. ನಿಜವಾದ ಎಂಪಿಪಿಟಿಯೊಳಗೆ ದಪ್ಪ ಕಾಯಿಲ್ ಇರುತ್ತದೆ. ಕೈಯಲ್ಲಿ ಹಿಡಿದಾಗಲೇ ಭಾರ ಗೊತ್ತಾಗುತ್ತದೆ.