ಬ್ಯಾಸ್ಕೆಟ್‌ಬಾಲ್ ಪರಿಭಾಷೆ: ಇಂಗ್ಲಿಷ್ ಪದಕ್ಕೆ ಸ್ಪ್ಯಾನಿಷ್ ಸಾಟಿ

2019ರ ಸೆಪ್ಟೆಂಬರ್ 15ರಂದು ಬೀಜಿಂಗ್‌ನಲ್ಲಿ ನಡೆದ ವಿಶ್ವಕಪ್ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಸ್ಪೇನ್ ತಂಡವು ಅರ್ಜೆಂಟೀನಾವನ್ನು 95-75 ಅಂಕಗಳಿಂದ ಮಣಿಸಿತು. ಎರಡೂ ತಂಡಗಳ ಭಾಷೆ ಸ್ಪ್ಯಾನಿಷ್. ಆದರೆ ತಾವು ಆಡುವ ಆಟದ ಹೆಸರಿನಲ್ಲಿಯೇ ಈ ಎರಡು ದೇಶಗಳಿಗೆ ಒಮ್ಮತವಿಲ್ಲ. ಸ್ಪೇನಿನವರಿಗೆ ಅದು 'ಬಾಲೊನ್ಸೆಸ್ತೊ', ಅರ್ಜೆಂಟೀನಾದವರಿಗೆ 'ಬಾಸ್ಕೆತ್'.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1891ರ ಡಿಸೆಂಬರ್‌ನಲ್ಲಿ ಕೆನಡಾ ಮೂಲದ ಶಿಕ್ಷಕ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಈ ಆಟವನ್ನು ಆರಂಭಿಸಿದರು. ಬುಟ್ಟಿಯೇ ಆಟದ ಹೆಸರಾಯಿತು. ಸ್ಪೇನ್ ಈ ಹೆಸರನ್ನು ಅನುವಾದಿಸಿಕೊಂಡಿತು. 'ಬಾಲೋನ್' ಎಂದರೆ ದೊಡ್ಡ ಚೆಂಡು, 'ಸೆಸ್ತೊ' ಎಂದರೆ ಬುಟ್ಟಿ. ಫುಟ್‌ಬಾಲ್‌ಗೂ 'ಬಾಲೊಂಪಿಯೆ' ಎಂಬ ಅನುವಾದ ಸೂಚಿತವಾಗಿತ್ತಾದರೂ ಜನ ಅದನ್ನು ಒಪ್ಪಲಿಲ್ಲ. ಸೆವಿಲ್ಲಾದ ರಿಯಲ್ ಬೆಟಿಸ್ ಬಾಲೊಂಪಿಯೆಯಂತಹ ಕ್ಲಬ್‌ಗಳ ಹೆಸರಿನಲ್ಲಿ ಅದು ಉಳಿದುಕೊಂಡಿದೆ. ಮೆಕ್ಸಿಕೊ, ಚಿಲಿ ಮುಂತಾದೆಡೆ ಇಂಗ್ಲಿಷ್ ಹೆಸರೇ 'ಬಾಸ್ಕೆತ್‌ಬೋಲ್' ಎಂದು ರೂಪಾಂತರಗೊಂಡಿದೆ.

ಅಂಗಳ

ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ (ಫಿಬಾ) ನಿಯಮದಂತೆ ಅಂಗಳದ ಉದ್ದ 28 ಮೀಟರ್, ಅಗಲ 15 ಮೀಟರ್. ಇಂಗ್ಲಿಷಿನ 'ಕೋರ್ಟ್' ಸ್ಪ್ಯಾನಿಷಿನಲ್ಲಿ 'ಕಾಂಚಾ'. ಇದು ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಿಂದ ಬಂದ ಪದ. 3.05 ಮೀಟರ್ ಎತ್ತರದಲ್ಲಿರುವ 'ರಿಂಗ್' ಅಲ್ಲಿ 'ಆರೊ', ಅದರ ಹಿಂದಿನ ಹಲಗೆಯಾದ 'ಬ್ಯಾಕ್‌ಬೋರ್ಡ್' 'ತಾಬ್ಲೇರೊ'.

ಐವರು ಆಟಗಾರರು

ತಂಡದ ಆಟವನ್ನು ಸಂಘಟಿಸುವ 'ಪಾಯಿಂಟ್ ಗಾರ್ಡ್'ನನ್ನು ಸ್ಪ್ಯಾನಿಷಿನಲ್ಲಿ 'ಬಾಸೆ' ಎನ್ನುತ್ತಾರೆ. ತಳಪಾಯ ಎಂಬುದು ಇದರ ಅರ್ಥ. 'ಶೂಟಿಂಗ್ ಗಾರ್ಡ್' ಎಂದರೆ 'ಎಸ್ಕೋಲ್ತಾ', ಅಂದರೆ ಬೆಂಗಾವಲಿನವನು. 'ಸ್ಮಾಲ್ ಫಾರ್ವರ್ಡ್' ಎಂಬುದಕ್ಕೆ 'ಅಲೇರೊ' ಎಂಬ ಪದವಿದೆ. ರೆಕ್ಕೆ ಎಂಬ ಅರ್ಥದ 'ಆಲಾ' ಇದರ ಮೂಲ. 'ಪವರ್ ಫಾರ್ವರ್ಡ್' 'ಆಲಾ-ಪೀವೊತ್' ಆದರೆ, ಬುಟ್ಟಿಯ ಸಮೀಪ ನಿಲ್ಲುವ 'ಸೆಂಟರ್' 'ಪೀವೊತ್' ಎನಿಸಿಕೊಳ್ಳುತ್ತಾನೆ.

ಅಂಕ ಗಳಿಕೆ

ದಂಡದ ರೂಪದಲ್ಲಿ ದೊರೆಯುವ, ಒಂದು ಅಂಕದ 'ಫ್ರೀ ಥ್ರೋ' ಸ್ಪ್ಯಾನಿಷಿನಲ್ಲಿ 'ತೀರೊ ಲಿಬ್ರೆ'. ಮೂರು ಅಂಕದ ಎಸೆತ 'ತ್ರಿಪ್ಲೆ'. ಫಿಬಾ ಪಂದ್ಯಗಳಲ್ಲಿ ಇದಕ್ಕೆ 6.75 ಮೀಟರ್ ದೂರದ ಗೆರೆಯಿದೆ. 2010ಕ್ಕೆ ಮೊದಲು ಈ ಅಂತರ 6.25 ಮೀಟರ್ ಇತ್ತು. ಓಡುತ್ತ ಬಂದು ಬುಟ್ಟಿಯ ಪಕ್ಕದಿಂದ ಚೆಂಡನ್ನು ಮೇಲಕ್ಕಿಡುವ 'ಲೇ-ಅಪ್' ಸ್ಪ್ಯಾನಿಷಿನಲ್ಲಿ 'ಬಾಂದೇಹಾ', ಅಂದರೆ ತಟ್ಟೆ. ಅಂಗೈ ಮೇಲೆ ತಟ್ಟೆ ಹಿಡಿದು ಬಡಿಸುವವನ ಭಂಗಿಯನ್ನು ನೆನೆದರೆ ಈ ಹೆಸರು ಸುಲಭವಾಗಿ ಅರ್ಥವಾಗುತ್ತದೆ.

ನೆಗೆದು ಚೆಂಡನ್ನು ಮೇಲಿನಿಂದ ಬುಟ್ಟಿಯೊಳಗೆ ಬಡಿಯುವ 'ಡಂಕ್' ಎಂಬ ಕ್ರಿಯೆಗೆ ದೇಶಕ್ಕೊಂದು ಹೆಸರಿದೆ. ಸ್ಪೇನಿನಲ್ಲಿ 'ಮಾತೆ'. ಮೆಕ್ಸಿಕೊದಲ್ಲಿ ಮೊಳೆ ಹೊಡೆಯುವುದು ಎಂಬರ್ಥದ 'ಕ್ಲಾಬಾದಾ'. ಅರ್ಜೆಂಟೀನಾದಲ್ಲಿ ಬಗ್ಗಿಸಿ ಸುರಿಯುವುದು ಎಂಬರ್ಥದ 'ಬೊಲ್ಕಾದಾ'. ಅರ್ಜೆಂಟೀನಾದವರ ಮುಂದೆ 'ಮಾತೆ' ಎಂದರೆ ಅವರಿಗೆ ಮೊದಲು ನೆನಪಾಗುವುದು ಅವರು ದಿನನಿತ್ಯ ಕುಡಿಯುವ ಕಷಾಯ!

ರಕ್ಷಣೆ ಮತ್ತು ತಪ್ಪುಗಳು

ಗುರಿತಪ್ಪಿ ಹಿಂಪುಟಿದ ಚೆಂಡನ್ನು ಹಿಡಿಯುವ 'ರೀಬೌಂಡ್' 'ರೆಬೊತೆ' ಆಗಿದೆ. ಎದುರಾಳಿಯ ಕೈಯಿಂದ ಚೆಂಡು ಕಸಿಯುವ 'ಸ್ಟೀಲ್' 'ರೋಬೊ', ಅಂದರೆ ಕಳ್ಳತನ. ಎಸೆತವನ್ನು ತಡೆಯುವ 'ಬ್ಲಾಕ್' ಸ್ಪೇನಿನಲ್ಲಿ 'ತಾಪೋನ್', ಅಂದರೆ ಬಿರಡೆ. ಸಹ ಆಟಗಾರನ ಅಂಕಕ್ಕೆ ನೆರವಾಗುವ 'ಅಸಿಸ್ಟ್' 'ಅಸಿಸ್ತೆನ್ಸಿಯಾ'.

ಚೆಂಡನ್ನು ಪುಟಿಸದೆ ಹೆಚ್ಚು ಹೆಜ್ಜೆ ಹಾಕುವ ತಪ್ಪಿಗೆ ಇಂಗ್ಲಿಷಿನಲ್ಲಿ 'ಟ್ರಾವೆಲಿಂಗ್', ಅಂದರೆ ಪ್ರಯಾಣ. ಸ್ಪ್ಯಾನಿಷಿನಲ್ಲಿ ನೇರವಾಗಿ 'ಪಾಸೊಸ್', ಅಂದರೆ ಹೆಜ್ಜೆಗಳು. 'ಫೌಲ್' ಎಂದರೆ 'ಫಾಲ್ತಾ'. ಫಿಬಾ ಪಂದ್ಯದಲ್ಲಿ ಐದು ಫೌಲ್ ಮಾಡಿದ ಆಟಗಾರ ಹೊರನಡೆಯಬೇಕು. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಆರನೇ ಫೌಲ್‌ಗೆ ಆಟಗಾರ ಹೊರನಡೆಯಬೇಕು.

ಎಚ್ಚರ ವಹಿಸಬೇಕಾದ ಪದಗಳು

ಕೇಳಲು ಒಂದೇ ತೆರನಾದ ಪದಗಳೇ ಹೆಚ್ಚು ಗೊಂದಲಕ್ಕೆ ಕಾರಣವಾಗುತ್ತವೆ. ಇಂಗ್ಲಿಷಿನಲ್ಲಿ 'ಪಿವಟ್' ಎಂದರೆ ಒಂದು ಪಾದವನ್ನು ಊರಿ ತಿರುಗುವ ಚಲನೆ. ಸ್ಪ್ಯಾನಿಷಿನ 'ಪೀವೊತ್' ಒಬ್ಬ ಆಟಗಾರ. ತರಬೇತುದಾರ ಆ ಪದವನ್ನು ಕೂಗಿದಾಗ ಇಂಗ್ಲಿಷ್ ಬಲ್ಲವನು ತಿರುಗಲು ಮುಂದಾದರೆ, ಸ್ಪ್ಯಾನಿಷ್ ಬಲ್ಲವನು ಬುಟ್ಟಿಯ ಬಳಿ ನಿಂತವನತ್ತ ಚೆಂಡು ಎಸೆಯಬಹುದು.

'ದೋಬ್ಲೆಸ್' ಕೂಡ ಹಾಗೆಯೇ. ಪುಟಿಸುವುದನ್ನು ನಿಲ್ಲಿಸಿ ಚೆಂಡನ್ನು ಹಿಡಿದು ಮತ್ತೆ ಪುಟಿಸುವ 'ಡಬಲ್ ಡ್ರಿಬಲ್' ಎಂಬ ತಪ್ಪಿಗೆ ಸ್ಪೇನಿನಲ್ಲಿ ಈ ಹೆಸರು. ಅರ್ಜೆಂಟೀನಾದಲ್ಲಿ 'ದೋಬ್ಲೆ' ಎಂದರೆ ಎರಡು ಅಂಕದ ಗಳಿಕೆ. ಒಂದೆಡೆ ಚೆಂಡು ಕೈತಪ್ಪಿದ ಸುದ್ದಿ, ಇನ್ನೊಂದೆಡೆ ಚಪ್ಪಾಳೆಯ ಸಂದರ್ಭ.

ಇದು ಕೇವಲ ಶಬ್ದಜಿಜ್ಞಾಸೆಯಲ್ಲ. ಫಿಬಾ ಪಂದ್ಯದಲ್ಲಿ ತಂಡವು ಚೆಂಡನ್ನು ಬುಟ್ಟಿಯತ್ತ ಎಸೆಯಲು ದೊರೆಯುವುದು 24 ಸೆಕೆಂಡು. ತರಬೇತುದಾರ ಕೋರುವ 'ಟೈಮ್‌ಔಟ್' ಒಂದೇ ನಿಮಿಷದ್ದು. ಸ್ಪೇನಿನವರು ಅದನ್ನು 'ತಿಯೆಂಪೊ ಮುಯೆರ್ತೊ', ಅಂದರೆ ಸತ್ತ ಸಮಯ ಎಂದು ಕರೆದರೂ ಪಂದ್ಯದ ಗತಿ ತೀರ್ಮಾನವಾಗುವುದು ಹಲವು ಬಾರಿ ಅದೇ ನಿಮಿಷದಲ್ಲಿ. ಆಗ ಪದದ ಅರ್ಥ ಕೇಳುತ್ತ ಕೂರಲು ಬಿಡುವಿರುವುದಿಲ್ಲ.

ಸ್ಲೊವೇನಿಯಾದ ಲೂಕಾ ಡಾನ್ಚಿಚ್ 2012ರಲ್ಲಿ, ತಮ್ಮ 13ನೇ ವಯಸ್ಸಿನಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ ಸೇರಿ, 2018ರಲ್ಲಿ ಎನ್‌ಬಿಎ ಪ್ರವೇಶಿಸಿದರು. ಅರ್ಜೆಂಟೀನಾದ ಮಾನು ಜಿನೋಬಿಲಿ 2002ರಿಂದ 2018ರವರೆಗೆ ಎನ್‌ಬಿಎಯ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದಲ್ಲಿ ಆಡಿದರು. ಇಂತಹ ಆಟಗಾರರಿಗೆ ಎರಡೂ ಭಾಷೆಗಳ ಪರಿಭಾಷೆ ಚೆಂಡಿನಷ್ಟೇ ಅಗತ್ಯದ ಸಾಧನ.

ಕನ್ನಡವು ಆಟದ ಹೆಸರನ್ನು ಇಂಗ್ಲಿಷಿನಿಂದ ಹಾಗೆಯೇ ಪಡೆದು, ಚೆಂಡು, ಅಂಕ, ಅಂಗಳ ಎಂಬ ತನ್ನ ಪದಗಳನ್ನೂ ಉಳಿಸಿಕೊಂಡಿದೆ. ಸ್ಪ್ಯಾನಿಷ್ ನುಡಿಗರು ಮಾಡಿರುವುದೂ ಬಹುಪಾಲು ಇದನ್ನೇ. ಸ್ಪ್ಯಾನಿಷ್ ವೀಕ್ಷಕ ವಿವರಣೆ ಕಿವಿಗೆ ಬಿದ್ದಾಗ ಮೇಲಿನ ಪದಗಳನ್ನು ನೆನಪಿಟ್ಟುಕೊಂಡರೆ ಪಂದ್ಯದ ಬಹುಪಾಲು ತಿಳಿಯುತ್ತದೆ. ಆದರೆ ಮಾತನಾಡುತ್ತಿರುವವರು ಯಾವ ದೇಶದವರು ಎಂಬುದನ್ನು ಮೊದಲು ಅರಿತಿರುವುದು ಒಳಿತು.